ಗೌರಕ್ಕನ ನಾಲ್ಕು ಖಾನೆಯ ಸಂಚಿ

ಶಲವಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಲಕ್ಕೆ ಹೊರಟ ಹೆಂಗಸರು ಬುತ್ತಿಗಂಟು ಹಿಡಿದು ಗೌರಕ್ಕನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಸೊಂಟದ ಎಲೆಯಡಿಕೆ ಸಂಚಿ ಬಿಚ್ಚುತ್ತಾರೆ. ಒಳಗಿಂದ ಹೊರಬರುವುದು ಎಲೆಯಲ್ಲ, ಚೀಟಿಗಳು. ಗೌರಕ್ಕ ಒಂದೊಂದೇ ಚೀಟಿ ಎತ್ತಿ ಹಿಡಿಯುತ್ತಾಳೆ, ಅವರು ಓದುತ್ತಾರೆ. ಬಂದರೆ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದರೆ ತಿರುಗಿ ಮೊದಲನೆಯ ಖಾನೆಗೆ. ತಡವರಿಸಿದವರಿಗೆ ಬೈಗುಳ ಪುಕ್ಕಟೆ.

ಈ ಶುಕ್ರವಾರ ಮೊದಲು ಕೂತವಳು ಕೆಂಚವ್ವ. ಪಕ್ಕದ ಊರಿನ ದವಾಖಾನೆಯ ಅಂಗಳ ಗುಡಿಸುತ್ತಾಳೆ. ಅಲ್ಲಿ ಆಯಾ ಕೆಲಸ ಖಾಲಿ ಬಿದ್ದಿದೆ. ಬಾಟಲಿಯ ಮೇಲೆ ಕಂಪೌಂಡರ್ ಕನ್ನಡದಲ್ಲಿ ಬರೆದು ಅಂಟಿಸಿದ್ದನ್ನು ಓದಿ, ಸರಿಯಾದ ಔಷಧ ಎತ್ತಿ ಕೊಡಲು ಬರಬೇಕು. ಸೋಮವಾರ ಡಾಕ್ಟರು ಓದಿಸಿ ನೋಡುತ್ತಾರೆ. ಕೆಂಚವ್ವನ ಚೀಟಿಗಳೆಲ್ಲ ಆಗಲೇ ಕಡೆಯ ಖಾನೆ ಸೇರಿವೆ. ಒಂದು ಮಾತ್ರ ನಿನ್ನೆ ಕೊಡದ ನೀರಿಗೆ ಬಿದ್ದು ಅಳಿಸಿಹೋಯಿತು. ಗೌರಕ್ಕ ಅದೇ ಮಾತನ್ನು ಹೊಸ ಚೀಟಿಯ ಮೇಲೆ ಬರೆದು ಹಿಡಿಯುತ್ತಾಳೆ: ‘ಕೆಮ್ಮಿನ ಔಷಧ’.

ಕೆಂಚವ್ವ ನೋಡುತ್ತಾಳೆ, ಹಿಂದುಮುಂದು ತಿರುಗಿಸಿ ನೋಡುತ್ತಾಳೆ. “ಇದು ನಂದಲ್ರೀ ಅಕ್ಕಾ,” ಅನ್ನುತ್ತಾಳೆ. “ನನ್ನ ಚೀಟಿ ಎಲ್ಲಾ ನಾ ಬಲ್ಲೆ.”

“ಹೆಂಗ ಬಲ್ಲಿ?”

“ಸುಣ್ಣ ಹತ್ತಿದ್ದು ಕೆಮ್ಮಿಂದು. ಮೂಲ್ಯಾಗ ಹರದದ್ದು ಕಿವೀದು. ಕೆಂಪಗ ಎಲಿ ರಸ ಬಿದ್ದದ್ದು ಹೊಟ್ಟಿನೋವಿಂದು.”

ಪಾಪ, ಮುಚ್ಚುಮರೆ ಏನೂ ಇಲ್ಲದೆ ಹೇಳುತ್ತಾಳೆ. ಓದುವುದೆಂದರೆ ಅದೇ ಎಂದು ನಂಬಿಕೊಂಡಿದ್ದಾಳೆ. ಗೌರಕ್ಕ ಗಡಬಡಿಸಿ ಇನ್ನೆರಡು ಹೊಸ ಚೀಟಿ ಬರೆದು ಹಿಡಿಯುತ್ತಾಳೆ. ಒಂದೂ ಬರುವುದಿಲ್ಲ. ಚೀಟಿಗಳೆಲ್ಲ ತಿರುಗಿ ಮೊದಲನೆಯ ಖಾನೆಗೆ ಎಂದಾಗ ಕೆಂಚವ್ವ ಸಂಚಿ ಅಲ್ಲೇ ಬಿಟ್ಟು ಕೆಲಸಕ್ಕೆ ಏಳುತ್ತಾಳೆ.

ಗೌರಕ್ಕ ಏಳನೆಯ ಇಯತ್ತೆ ಪಾಸಾದವಳು. ಹೊಟ್ಟೆಪಾಡಿಗೆ ಕುಪ್ಪಸ ಹೊಲಿಯುತ್ತಾಳೆ. ಊರಿನ ವಯಸ್ಕರ ಶಾಲೆ ಎಂಬತ್ತೆರಡರಲ್ಲಿ ಸುರುವಾದಾಗ ಅವಳೇ ಕಲಿಸುವವಳಾದಳು. ಮೂರು ವರ್ಷಕ್ಕೆ ಶಾಲೆ ಮುಚ್ಚಿತು, ಕಂದೀಲು ಪಾಟಿಗಳನ್ನು ಯಾರೋ ಬಂದು ಗಾಡಿಯಲ್ಲಿ ಹೇರಿಕೊಂಡು ಹೋದರು. ಕಲಿಯುವ ಹೆಂಗಸರು ಮಾತ್ರ ಕುಪ್ಪಸದ ನೆವ ಮಾಡಿಕೊಂಡು ಬರುತ್ತಲೇ ಇದ್ದರು. ಸೋಮವಾರ ಕಲಿತದ್ದು ಗುರುವಾರ ಗಾಳಿಗೆ ಹೋಗಿರುತ್ತಿತ್ತು.

“ಮರೆಯೂದಕ್ಕೂ ಒಂದು ಹೊತ್ತು ಇರ್ತೈತ್ರಿ,” ಅನ್ನುತ್ತಾಳೆ ಅವಳು. “ಅದು ಮರತು ಹೋಗೂದ್ರಾಗ ಒಮ್ಮಿ ಕರದು ಮಾತಾಡಿಸಬೇಕು. ದಿನಾ ಕರದ್ರ ಬ್ಯಾಸರ, ಭಾಳ ತಡಾ ಮಾಡಿದ್ರ ಗುರ್ತs ಸಿಗೂದಿಲ್ಲ.”

ಅದಕ್ಕೇ ಈ ಸಂಚಿ. ಅಡಿಕೆಗೊಂದು, ಸುಣ್ಣಕ್ಕೊಂದು ಎಂದು ಸಂಚಿಗೆ ಖಾನೆಗಳು ಇದ್ದೇ ಇರುತ್ತವಲ್ಲ, ಅವುಗಳ ಬೆನ್ನಿಗೆ ಗೌರಕ್ಕ ಇನ್ನೂ ನಾಲ್ಕು ಹೊಲಿದಳು. ಓದಲು ಬಾರದವರಿಗೆ ಹೆಸರು ಬರೆದು ಏನು ಪ್ರಯೋಜನ? ಮೊದಲನೆಯದಕ್ಕೆ ಪಿನ್ನು ಚುಚ್ಚಿದಳು, ಅದು ಇವತ್ತಿನದು. ಗುಂಡಿ ಇರುವುದು ನಾಳೆಯದು. ಕವಡೆ ಇರುವುದನ್ನು ಸಂತೆಯ ದಿನ ತೆಗೆಯಬೇಕು, ಕರಿಮಣಿ ಇರುವುದನ್ನು ಅಮಾವಾಸ್ಯೆಗೆ. ಚೀಟಿಗಳೆಂದರೆ ಹಳೆಯ ಲಗ್ನಪತ್ರಿಕೆಗಳ ಹಿಂಬದಿ. ಈಗ ಒಂಬತ್ತು ಸಂಚಿ ಊರಲ್ಲಿ ತಿರುಗುತ್ತವೆ. ಎಲೆಯಡಿಕೆಯ ಸಂಗಡ ಅಕ್ಷರ ಇಟ್ಟರೆ ಸುಣ್ಣ ಹತ್ತೀತು ಎನ್ನುವುದು ಇಷ್ಟು ದಿನ ಯಾರ ತಲೆಗೂ ಹೊಳೆದಿರಲಿಲ್ಲ.

ಶುಕ್ರವಾರ ಇಡೀ ದಿನ ಗೌರಕ್ಕನಿಗೆ ಹೊಲಿಗೆಯ ಮೇಲೆ ಲಕ್ಷ್ಯವಿಲ್ಲ. ಯಾರದೋ ಕುಪ್ಪಸಕ್ಕೆ ತೋಳು ಉಲ್ಟಾ ಹಚ್ಚಿ ಬಿಚ್ಚುತ್ತ ಕೂಡುತ್ತಾಳೆ. ಗಂಡ ಮಡಿವಾಳೆಪ್ಪ ಸಮಾಧಾನ ಹೇಳಲು ಬರುತ್ತಾನೆ. ಸೋಮವಾರ ಫೇಲಾದರೆ ಆಕಾಶವೇನು ಕಳಚಿ ಬೀಳುವುದಿಲ್ಲ ಅನ್ನುತ್ತಾನೆ.

“ಫೇಲಾದ್ರ ಆಗ್ಲಿ. ಪಾಸಾದ್ರ ಏನ್ ಮಾಡ್ಲಿ?” ಅನ್ನುತ್ತಾಳೆ ಗೌರಕ್ಕ. “ದಿನಾ ನೋಡಿದ ಬಾಟ್ಲಿ ಇದ್ದರ ಗುರ್ತಿನ ಮ್ಯಾಲೆ ಪಟಪಟ ಹೇಳಿಬಿಡ್ತಾಳ. ನಾಳೆ ಕಂಪೌಂಡರ್ ಬಾಟ್ಲಿ ಬದಲಿ ಮಾಡಿದಾ ಅನ್ನು. ಹಚ್ಚೂದನ್ನ ಯಾರದರೆ ಕೂಸಿಗೆ ಕುಡಸಾಕ ಕೊಟ್ಟಳಂದ್ರ? ಓದಾಕ ಬರ್ತೈತಿ ಅಂತ ಹೇಳಿ ಕಳಿಸಿದಾಕಿ ನಾನs ಅಲ್ಲೇನು?”

ಮಡಿವಾಳೆಪ್ಪ ಮಸಿಪೆನ್ನು ತಗೊಂಡು ಬಾಜೂಕೆ ಕೂಡುತ್ತಾನೆ. ಇಬ್ಬರೂ ಕೂಡಿ ಒಂದೊಂದು ಮಾತನ್ನೂ ಬೇರೆಬೇರೆ ಬಣ್ಣದ ಚೀಟಿಗಳ ಮೇಲೆ ಬರೆಯುತ್ತಾರೆ. ಅವನ ಅಕ್ಷರಗಳು ಕೋಳಿ ಕೆದರಿದಂತೆ ಇವೆ. ಇರಲಿ ಬಿಡು, ಕಂಪೌಂಡರನ ಅಕ್ಷರ ಏನು ಮುತ್ತೇ ಎಂದು ಗೌರಕ್ಕ ಅವನ್ನೂ ಸೇರಿಸುತ್ತಾಳೆ. ಎಲ್ಲವೂ ಕೆಂಚವ್ವನ ಸಂಚಿಯ ಪಿನ್ನಿನ ಖಾನೆಗೆ ಹೋಗುತ್ತವೆ.

ಶನಿವಾರ ಬೆಳಿಗ್ಗೆ ಕೆಂಚವ್ವ ಕಟ್ಟೆಗೆ ಬರುವುದಿಲ್ಲ. ಗೌರಕ್ಕನೇ ಸಂಚಿ ಹಿಡಿದು ದವಾಖಾನೆಯ ಅಂಗಳಕ್ಕೆ ನಡೆದುಹೋಗುತ್ತಾಳೆ. ಕಸಬರಿಗೆ ಹಿಡಿದವಳು ತಲೆಯೆತ್ತದೆ ಹೇಳುತ್ತಾಳೆ, “ಮತ್ತ ಪಿನ್ನಿಗೆ ತಂದು ನಿಲ್ಲಿಸಿದ್ರಿ. ಆರು ತಿಂಗಳು ನೀರಾಗ ಹೋತು. ನನ್ನ ಕೈಲೆ ಆಗೂದಿಲ್ರಿ.”

“ತಪ್ಪು ನಂದೈತಿ. ಹೊಸಾ ಚೀಟಿ ಕೊಡಬೇಕಿತ್ತು, ಕೊಡ್ಲಿಲ್ಲ. ಬೈಯೂದಿದ್ರ ಬೈ, ಆದ್ರ ಓದು.”

ಕೆಂಚವ್ವ ಬೈಯುತ್ತಾಳೆ, ಚೆನ್ನಾಗಿಯೇ ಬೈಯುತ್ತಾಳೆ. ಆಮೇಲೆ ಚೀಟಿ ಇಸಿದುಕೊಂಡು ‘ಕೆ’ಗೆ ಬೆರಳಿಡುತ್ತಾಳೆ. ಬಿಡಿ ಅಕ್ಷರಗಳು ಗೊತ್ತು, ಕೂಡಿಸುವ ಗೋಜಿಗೆ ಅವಳು ಹೋಗಿರಲೇ ಇಲ್ಲ. ರವಿವಾರ ಸಂಜೆಯ ಹೊತ್ತಿಗೆ ಅರ್ಧದಷ್ಟು ಮಾತುಗಳು ತಿಣುಕಾಡಿ ಬರುತ್ತವೆ. ಉಳಿದರ್ಧ ಇಲ್ಲ.

ಸೋಮವಾರ ಅವಳು ದವಾಖಾನೆಯ ಹೊರಗೆ ಬೇವಿನ ಗಿಡದ ಬುಡದಲ್ಲಿ ಕೂತಿದ್ದಾಳೆ, ಸೆರಗಿನ ಚುಂಗು ತಿರುವುತ್ತ. ಕೆಂಚವ್ವ ಹೊರಗೆ ಬರುತ್ತಾಳೆ. ಮುಖ ನೋಡಿದರೆ ಏನೂ ತಿಳಿಯುವಂತಿಲ್ಲ. ಆಮೇಲೆ ತಿಳಿಸುತ್ತೇವೆ ಎಂದು ಕಳಿಸಿದ್ದಾರಂತೆ.

“ಎಲ್ಲಾ ಓದಿದೇನು?”

“ನಾಕs ಕೇಳಿದ್ರು. ಒಂದು ಬರಲಿಲ್ರಿ. ಹೊಸಾ ಬಾಟ್ಲಿ.”

“ಏನರೆ ಹೇಳಿಬಿಟ್ಟಿಯೇನು ಮತ್ತ?”

“ಇಲ್ರಿ. ನನಗ ಬರೂದಿಲ್ಲ ಅಂತ ಹೇಳಿ ಬಾಜೂಕ ಇಟ್ಟೆ.”

ಗೌರಕ್ಕನಿಗೆ ಅಷ್ಟೇ ಬೇಕಿತ್ತು. ಆದರೂ ಮನಸ್ಸು ತಡೆಯದು. “ಹೆಂಗಿತ್ತದು?” ಎಂದು ಕೇಳುತ್ತಾಳೆ.

ಕೆಂಚವ್ವ ಕುಕ್ಕರಗಾಲಲ್ಲಿ ಕೂತು ಮಣ್ಣು ಸವರಿ ಬೆರಳಲ್ಲಿ ತಿದ್ದುತ್ತಾಳೆ. ಕಂಡದ್ದನ್ನು ಕಂಡ ಹಾಗೆ, ಒಂದಾದ ಮೇಲೊಂದು. ಗೌರಕ್ಕನಿಗೆ ಎರಡನೆಯ ಅಕ್ಷರಕ್ಕೇ ಗೊತ್ತಾಗುತ್ತದೆ. ಬಾಯಿ ಬಿಡದೆ ತಡೆದುಕೊಂಡು ಕೂಡುತ್ತಾಳೆ. ಕೆಂಚವ್ವ ತಿದ್ದಿ ಮುಗಿಸಿ, ತಾನು ಬರೆದದ್ದರ ಮೇಲೆ ತಾನೇ ಬೆರಳು ಸರಿಸುತ್ತಾಳೆ.

“ಮು... ಕ್ಕ... ಳಿ... ಸ... ಲು.” ತಲೆಯೆತ್ತುತ್ತಾಳೆ. “ಮುಕ್ಕಳಿಸಲು. ಬಾಯಿ ಮುಕ್ಕಳಿಸೂದ್ರೀ ಅದು. ನುಂಗಬಾರದು.”

ಅಷ್ಟು ಹೇಳಿ, ಹೊತ್ತಾಯಿತೆಂದು ಕಸಬರಿಗೆ ತಗೊಂಡು ಅಂಗಳಕ್ಕೆ ಹೋಗುತ್ತಾಳೆ. ಗೌರಕ್ಕ ಎದ್ದು, ಮಣ್ಣಿನ ಮೇಲಿನ ಅಕ್ಷರಗಳನ್ನು ತುಳಿಯದಂತೆ ಸುತ್ತು ಹಾಕಿ ಊರ ದಾರಿ ಹಿಡಿಯುತ್ತಾಳೆ. ಕೆಲಸ ಸಿಕ್ಕೀತೇ ಎಂದು ಊರವರು ಕೇಳಿದರೆ ಅವಳಿಗೂ ಗೊತ್ತಿಲ್ಲ.

“ಆ ಮಾತು ನನ್ನ ಯಾವ ಚೀಟಿ ಮ್ಯಾಲೂ ಇದ್ದಿಲ್ರಿ,” ಅನ್ನುತ್ತಾಳೆ ಗೌರಕ್ಕ. “ಅದನ್ನ ನಾ ಕಲಿಸಿಲ್ಲ. ಆಕಿ ಓದ್ಯಾಳ.”