ಜೇಬಿನಲ್ಲಿ ಉಳಿದ ಹೆಸರು

ಆ ಚೀಟಿ ನನ್ನ ಜೇಬಿನಲ್ಲಿ ಎಷ್ಟು ದಿನ ಇತ್ತು ಎಂದು ಕೇಳಿದರೆ ಸರಿಯಾಗಿ ಹೇಳಲಾರೆ. ಮೊದಲ ಸಲ ಬರೆಯಲು ಕೂತಾಗ ‘ಎರಡು ವಾರ’ ಎಂದು ಬರೆದೆ. ಓದಿ ನೋಡಿದಾಗ ತಪ್ಪು ಬಹಳ ಸಣ್ಣದಾಗಿ ಕಂಡಿತು, ಹೊಡೆದುಹಾಕಿದೆ. ಎರಡು ತಿಂಗಳಿಗೆ ಕಡಿಮೆ ಅಲ್ಲ. ಅಂಗಿ ಒಗೆಯಲು ಹಾಕುವಾಗ ಅದನ್ನು ತೆಗೆದಿಟ್ಟು, ಮಾರನೆಯ ದಿನ ಬೇರೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅಂದರೆ ಮರೆತಿರಲಿಲ್ಲ. ಮರೆತವನ ಚೀಟಿ ಒಗೆದ ಅಂಗಿಯಲ್ಲಿ ಮುದ್ದೆಯಾಗಿ ಸಿಗುತ್ತದೆ. ನನ್ನದರ ಮಡಿಕೆ ಕೂಡ ಕೆಟ್ಟಿರಲಿಲ್ಲ.

ನಾನು ಕೊಪ್ಪಳದಲ್ಲಿ ಜೀವ ವಿಮೆಯ ಏಜೆಂಟ್. ಅದಕ್ಕೂ ಮುಂಚೆ ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಹಾಗಾಗಿ ಇವತ್ತಿಗೂ ಜನ ಮಾಸ್ತರ ಎಂದೇ ಕರೆಯುತ್ತಾರೆ. ಚೀಟಿ ಸೇರಬೇಕಾಗಿದ್ದದ್ದು ಗಂಗಾವತಿಯ ಸಾಹೇಬರಿಗೆ. ಅವರು ಅಂಗಡಿ, ಮನೆ, ಗೋದಾಮುಗಳ ವಿಮೆ ಮಾಡುವವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ನನ್ನ ಪಾಲಿಸಿದಾರರಲ್ಲಿ ಯಾರು ಹೊಸ ಅಂಗಡಿ ಹಾಕಿದರು, ಯಾರು ಮನೆ ಕಟ್ಟಿಸಿದರು ಎಂದು ಅವರಿಗೆ ನಾನು ಹೇಳಬೇಕು. ಅವರ ಗಿರಾಕಿಗಳಲ್ಲಿ ಯಾರಿಗೆ ಮದುವೆಯಾಯಿತು, ಯಾರ ಮನೆಯಲ್ಲಿ ಕೂಸು ಹುಟ್ಟಿತು ಎಂದು ನನಗೆ ಅವರು. ಪ್ರತಿ ಮಂಗಳವಾರ ಕೊಪ್ಪಳದ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕೂತು ಹೆಸರು ಬದಲಾಯಿಸಿಕೊಳ್ಳುತ್ತಿದ್ದೆವು.

“ಬಂತು ನೋಡ್ರಿ ಜೋಡಿ,” ಎಂದು ಚಹಾದಂಗಡಿಯವನು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. “ಮಾಸ್ತರು ಸತ್ತವರ ಮನಿಗೆ, ಸಾಹೇಬ್ರು ಸುಟ್ಟವರ ಮನಿಗೆ. ನಮ್ಮನಿ ಕಡೆ ಇಬ್ಬರೂ ಬರಬ್ಯಾಡ್ರಿ ಮಹಾರಾಯರ!”

“ನಿನ್ನ ಚಹಾ ಕುಡಿಯೋರಿಗೆ ವಿಮಾ ಕೊಡೂ ಕಂಪನಿ ಇನ್ನೂ ಹುಟ್ಟಿಲ್ಲೋ,” ಎನ್ನುತ್ತಿದ್ದರು ಸಾಹೇಬರು. “ಸುಮ್ನ ಎರಡು ಹಾಕು.”

ಚೀಟಿಗೆ ನಮ್ಮದೇ ಒಂದು ರೀತಿ ಇತ್ತು. ಹೆಸರು, ಊರು, ಫೋನ್ ನಂಬರು. ಅದರ ಕೆಳಗೆ ಒಂದು ಸಾಲು, ಆ ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು. ‘ಚಹಾ ಬೇಡ ಅನ್ನಬೇಡಿ.’ ‘ಅಣ್ಣನ ಎದುರು ತಮ್ಮನ ಮಾತು ಎತ್ತಬೇಡಿ.’ ಬೇವೂರಿನ ಒಬ್ಬರ ಬಗ್ಗೆ ಸಾಹೇಬರು ‘ಮೊದಲು ಎಮ್ಮೆ ಕೇಳಿ’ ಎಂದಷ್ಟೇ ಬರೆದುಕೊಟ್ಟಿದ್ದರು. ಅರ್ಧ ತಾಸು ಅವರ ಎಮ್ಮೆಯ ಕ್ಷೇಮ ವಿಚಾರಿಸಿದೆ, ಪಾಲಿಸಿ ಐದು ನಿಮಿಷದಲ್ಲಿ ಆಯಿತು. ಚೀಟಿ ಕೊಟ್ಟವರು ಅಲ್ಲೇ, ತೆಗೆದುಕೊಂಡವರ ಎದುರಿಗೇ, ಆ ಮನೆಯವರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಬೇಕು. “ನಮ್ಮವರು ಬರ್ತಾರ್ರಿ. ನಾನ ಬಂದಂಗ ತಿಳೀರಿ” ಎನ್ನಬೇಕು. ತೆಗೆದುಕೊಂಡವರು ಎಂಟು ದಿನದೊಳಗೆ ಹೋಗಿ ಬರಬೇಕು. ಸಾಹೇಬರು ಪ್ರತಿ ಚೀಟಿಯ ಮೇಲೆ ಅದು ಕೈಗೆ ಬಂದ ತಾರೀಖು ಹಾಕಿ ಒಂದು ಹಳೆಯ ಬಿಸ್ಕಿಟ್ ಡಬ್ಬಿಯಲ್ಲಿ ಇಡುತ್ತಿದ್ದರು. ನಾನು ಹೋಗಿಬಂದ ಮೇಲೆ ಹರಿದು ಎಸೆಯುತ್ತಿದ್ದೆ.

ಜೇಬಿನಲ್ಲಿ ಉಳಿದ ಹೆಸರು ಕುಷ್ಟಗಿಯ ಒಬ್ಬ ಹೆಣ್ಣುಮಗಳದು. ಆಕೆಯದು ಗಾದಿ ಅಂಗಡಿ. ಜನ ಹಳೆಯ ಗಾದಿಗಳನ್ನು ತಂದು ಹಾಕುತ್ತಾರೆ, ಆಕೆ ಗಟ್ಟಿಯಾದ ಹತ್ತಿಯನ್ನು ಮಶೀನಿನಲ್ಲಿ ಹಿಂಜಿ ಮತ್ತೆ ತುಂಬಿಕೊಡುತ್ತಾಳೆ. ಆಕೆಯ ಗಂಡ ನನ್ನ ಪಾಲಿಸಿದಾರ. ಅವನು ತೀರಿಕೊಂಡಾಗ ಕಾಗದಪತ್ರಕ್ಕೆ ನಾನೇ ಓಡಾಡಿದ್ದೆ. ಬಂದ ಹಣದಲ್ಲಿ ಆಕೆ ಮಶೀನು ತಂದಳು. ಈ ವಾಕ್ಯ ತನ್ನಷ್ಟಕ್ಕೆ ತಾನು ಚೆಂದವಾಗಿ ಬಂದು ಕೂತಿತು, ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಅರ್ಧ ಹಣ ಆಕೆಯ ಅಣ್ಣ ಕೊಟ್ಟದ್ದು. ಆಕೆಯೇ ಹೇಳಿದ್ದಳು. ಅದನ್ನು ಬಿಟ್ಟುಬಿಟ್ಟರೆ ಎಲ್ಲ ನಾನೇ ಮಾಡಿಕೊಟ್ಟಂತೆ ಕಾಣುತ್ತದೆ.

“ಅಣ್ಣಾರ, ಹಳೆ ಗಾದಿಯೊಳಗ ಏನೇನೋ ಇರತಾವು,” ಎಂದಿದ್ದಳು ಆಕೆ. “ಒಂದು ಮೊಳಿ ಮಶೀನಿಗೆ ಸಿಕ್ರ ಸಾಕು, ಕಿಡಿ ಹಾರತೈತಿ. ಹತ್ತಿ ನೋಡ್ರಿ, ಪೆಟ್ರೋಲ್ ಇದ್ದಂಗ. ಇದಕ್ಕೂ ಒಂದು ಪಾಲಿಸಿ ಮಾಡ್ರಲ್ಲ.”

“ಅದು ನನ್ನ ಕೆಲಸಲ್ಲ ತಂಗಿ. ನಮ್ಮ ಸಾಹೇಬ್ರು ಅಂತ ಅದಾರ. ಬರೂದಲ್ಲ, ಅದರ ಮುಂದಿನ ಸೋಮವಾರ ಕಳಸ್ತೀನಿ.”

“ನೀವು ಹೇಳಿದ್ರ ಮುಗೀತು ಬಿಡ್ರಿ.”

ಬಸ್ಸಿನಲ್ಲೇ ಚೀಟಿ ಬರೆದೆ. ಆ ವಾರದಲ್ಲೇ ಶ್ರೀರಾಮನಗರದ ಒಂದು ಮದುವೆಗೆ ಹೋಗಿದ್ದೆ. ಅಲ್ಲಿಯ ಅಕ್ಕಿ ಗಿರಣಿಯ ಅಣ್ಣತಮ್ಮಂದಿರ ಹೆಸರನ್ನು ಸಾಹೇಬರು ನನಗೆ ಕೊಡುತ್ತೇನೆಂದು ಎರಡು ಸಲ ಹೇಳಿದ್ದರು. ಊಟದ ಸಾಲಿನಲ್ಲಿ ಪಕ್ಕದವರು ಹೇಳಿದರು: ಆ ಮನೆಯವರೆಲ್ಲ ಆಗಲೇ ಪಾಲಿಸಿ ಮಾಡಿಸಿದ್ದಾರೆ, ಸಾಹೇಬರ ಅಕ್ಕನ ಮಗ ಹೊಸದಾಗಿ ಏಜೆಂಟ್ ಆಗಿದ್ದಾನಲ್ಲ, ಅವನ ಹತ್ತಿರ. ಆ ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಬಹುದು. ಇಳಿಯಿತು. ಎರಡು ಸಲ ಪಾಯಸ ಹಾಕಿಸಿಕೊಂಡೆ.

ಮಂಗಳವಾರ ಸಾಹೇಬರು ಎಂದಿನಂತೆ ಎರಡು ಚೀಟಿ ನನ್ನ ಮುಂದಿಟ್ಟರು, ಒಂದು ಯಲಬುರ್ಗಾದ್ದು, ಒಂದು ಕನಕಗಿರಿಯದು. ನಾನು ಜೇಬಿಗೆ ಕೈ ಹಾಕಿದೆ. ಚೀಟಿ ಬೆರಳಿಗೆ ಹತ್ತಿತು. ಕೈ ಬರಿದೇ ಹೊರಗೆ ಬಂತು.

“ಈ ವಾರ ಯಾರೂ ಇಲ್ರಿ ಸಾಹೇಬ್ರ.”

“ಇರ್ಲಿ ಬಿಡ್ರಿ ಮಾಸ್ತರ. ಹೆಸರು ಎಲ್ಲಿ ಓಡಿ ಹೊಕ್ಕಾವು?”

ಒಂದು ವಾರ ಕಾಯಿಸೋಣ, ಅಷ್ಟೇ ಎಂದುಕೊಂಡಿದ್ದೆ. ಒಂದು ವಾರ ತಡೆದಿಟ್ಟ ಹೆಸರನ್ನು ಮುಂದಿನ ವಾರ ಕೊಡಲು ಒಂದು ಕಾರಣ ಬೇಕಾಗುತ್ತದೆ. ಅದರ ಮುಂದಿನ ವಾರಕ್ಕೆ ಇನ್ನೂ ದೊಡ್ಡ ಕಾರಣ. ಗಿರಣಿಯ ಮಾತನ್ನು ನೇರವಾಗಿ ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮಲ್ಲಿ ಹೆಸರು ಕೇಳಿ ಪಡೆಯುವ ಪದ್ಧತಿ ಇರಲಿಲ್ಲ, ಕೊಟ್ಟರೆ ತೆಗೆದುಕೊಳ್ಳುವುದು. ಕೇಳಿದರೆ ಸಣ್ಣವನಾಗುತ್ತೇನೆ ಎಂದು ನಾನು ಹೆದರಿದ್ದೆ.

ನಡುವೆ ಒಮ್ಮೆ ಆಕೆಯ ಫೋನ್ ಬಂತು.

“ನಿಮ್ಮ ಸಾಹೇಬ್ರು ಬರ್ಲೇ ಇಲ್ಲಲ್ರಿ ಅಣ್ಣಾರ. ಇನ್ನೊಬ್ಬ ಏಜೆಂಟ ಬಂದಿದ್ದ. ನಮ್ಮ ಮಾಸ್ತರು ಹೇಳ್ಯಾರ, ನಮ್ಮವರು ಬರೋರು ಅದಾರ ಅಂತ ಕಳಿಸಿಬಿಟ್ಟೆ.”

“ಅವ್ರಿಗೆ ಈಗ ಕೆಲಸ ಭಾಳ ಐತಿ ತಂಗಿ. ಹೇಳೇನಿ. ಬರ್ತಾರ.”

ಹೇಳೇನಿ. ಹೇಳಿದ್ದೇನೆ ಎಂದುಬಿಟ್ಟಿದ್ದೆ. ಆಮೇಲೆ ಆದದ್ದನ್ನೆಲ್ಲ ನಾಲ್ಕು ರೀತಿಯಲ್ಲಿ ನೆನಪಿಸಿಕೊಳ್ಳಬಲ್ಲೆ. ಈ ಒಂದು ಮಾತು ಮಾತ್ರ ಒಂದೇ ರೀತಿ ನೆನಪಿದೆ.

ಬೆಂಕಿಯ ಸುದ್ದಿ ನನಗೆ ಹೇಳಿದವರು ಸಾಹೇಬರೇ. ಮೊಬೈಲಿನಲ್ಲಿ ಯಾರೋ ಫೋಟೋ ಕಳಿಸಿದ್ದರಂತೆ. “ಕುಷ್ಟಗಿಯೊಳಗ ಗಾದಿ ಅಂಗಡಿ ಸುಟ್ಟೈತಿ ಮಾಸ್ತರ. ನಿಮ್ಮ ಪಾಲಿಸಿಯವನ ಹೆಂಡ್ತಿದಲ್ಲೇನು? ಬರ್ರಿ, ಹೋಗಿ ಮಾತಾಡಿಸಿ ಬರೂಣು.” ಯಾರ ಗಿರಾಕಿಗೆ ಕಷ್ಟ ಬಂದರೂ ಇಬ್ಬರೂ ಹೋಗುವುದು ನಮ್ಮ ರೂಢಿಯಾಗಿತ್ತು; ಆಕೆಯ ಗಂಡ ತೀರಿದಾಗ ಮಾತ್ರ ಸಾಹೇಬರು ಊರಲ್ಲಿರಲಿಲ್ಲ, ನಾನೊಬ್ಬನೇ ಹೋಗಿದ್ದೆ. ಅವರು ಗಂಗಾವತಿಯಿಂದ ಬಂದರು, ನಾನು ಕೊಪ್ಪಳದಿಂದ. ಕುಷ್ಟಗಿಯ ಬಸ್ ನಿಲ್ದಾಣದಿಂದ ಅಂಗಡಿಯವರೆಗೆ ಹತ್ತು ನಿಮಿಷದ ನಡಿಗೆ. ನಿಜ ಹೇಳಲು ಹತ್ತು ನಿಮಿಷ ಧಾರಾಳವಾಗಿ ಸಾಕಿತ್ತು. ನಾವು ಬಿಸಿಲಿನ ಬಗ್ಗೆ ಮಾತಾಡಿದೆವು.

ಯಾರಿಗೂ ಏನೂ ಆಗಿರಲಿಲ್ಲ. ಅಂಗಡಿಯ ಮೂರೂ ಗೋಡೆ ಕಪ್ಪಾಗಿದ್ದವು. ನೀರು ಹೊಡೆದ ಹತ್ತಿ ಅಂಗಳದಲ್ಲಿ ರಾಶಿ ಬಿದ್ದು ಹೊಗೆ ಬಿಡುತ್ತಿತ್ತು. ಊರಿನ ಹೆಂಗಸರು ಅರ್ಧ ಸುಟ್ಟ ಗಾದಿಗಳ ಬಟ್ಟೆಯ ಹೂವು, ಗೆರೆ ನೋಡಿ ತಮ್ಮವನ್ನು ಗುರುತು ಹಿಡಿಯುತ್ತಿದ್ದರು. “ನನ್ನ ಮಗಳ ಲಗ್ನದ ಗಾದಿರಿ ಅದು,” ಎಂದು ಒಬ್ಬಾಕೆ ಯಾರಿಗೆ ಹೇಳಬೇಕೋ ತಿಳಿಯದೆ ನನಗೆ ಹೇಳಿದಳು.

ಅಂಗಡಿಯಾಕೆ ನಮ್ಮನ್ನು ನೋಡಿ ಹತ್ತಿರ ಬಂದಳು.

“ಇವರೇನು ನಿಮ್ಮ ಸಾಹೇಬ್ರು?”

“ಹೌದವ್ವಾ, ನಾನ,” ಎಂದರು ಸಾಹೇಬರು.

“ಈಗ ಬಂದ್ರಿ? ಸೋಮವಾರ ಸೋಮವಾರ ನಿಮ್ಮ ದಾರಿ ನೋಡೀನ್ರಿ ನಾ. ಇದ್ದಾಗ ಬರ್ಲಿಲ್ಲ, ಸುಟ್ಟ ಮ್ಯಾಲೆ ನೋಡಾಕ ಬಂದ್ರೇನು? ಮಾಸ್ತರು ಪಾಪ ಎರಡೆರಡು ಸಲ ಹೇಳ್ಯಾರ ನಿಮಗ.”

ಸಾಹೇಬರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇತ್ತು ಎಂದಾದರೂ ನೆನಪಾಗಲಿ ಎಂದು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಇರಲಿಲ್ಲ. ಏನನ್ನೋ ಎಲ್ಲೋ ಇಟ್ಟು ಹುಡುಕುವವರ ಮುಖ. ನಾನು ಗೋಡೆ ನೋಡುತ್ತಿದ್ದೆ.

“ಹೇಳಿರಬೇಕವ್ವಾ,” ಎಂದರು ಸಾಹೇಬರು. “ನಂದ ತಪ್ಪು. ಮಾಫ್ ಮಾಡು.”

ವಾಪಸ್ ಬರುವಾಗ ಅವರು, “ನಿಮ್ಮ ಮಾತು ಕೆಡಿಸಿದೆ ಮಾಸ್ತರ. ಆ ಚೀಟಿ ಎಲ್ಲಿ ಇಟ್ಟೆನೋ, ಫೋನ್ ಹಚ್ಚಿದ್ದೂ ನೆನಪಿಲ್ಲ ನೋಡ್ರಿ,” ಎಂದರು. ಆಗ ನಾನು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಮ್ಮನಿರಲಿಲ್ಲ. “ಇರ್ಲಿ ಬಿಡ್ರಿ ಸಾಹೇಬ್ರ, ಒಮ್ಮೊಮ್ಮೆ ಆಗತೈತಿ,” ಎಂದೆ. ನಾನು ಅವರನ್ನು ಕ್ಷಮಿಸಿದೆ. ಚೀಟಿ ಅಂಗಿಯ ಜೇಬಿನಲ್ಲಿ ಬೆವರಿಗೆ ಒದ್ದೆಯಾಗಿತ್ತು.

ಮುಂದಿನ ಮಂಗಳವಾರ ಸಾಹೇಬರು ಬರಲಿಲ್ಲ. ಅದರ ಮುಂದಿನ ಮಂಗಳವಾರ ಬಿಸ್ಕಿಟ್ ಡಬ್ಬಿಯನ್ನೇ ತಂದರು. ಚಹಾದಂಗಡಿಯ ಮೇಜಿನ ಮೇಲೆ ಚೀಟಿಗಳನ್ನೆಲ್ಲ ಹರವಿದರು. ಎಲ್ಲವೂ ನನ್ನ ಕೈಬರಹ.

“ಇಲ್ರಿ. ಮೂರು ಸಲ ನೋಡೀನಿ. ಮನ್ಯಾಗ ಎಲ್ಲಾ ಹುಡುಕಿಸೀನಿ.” ಆಮೇಲೆ ದನಿ ಇಳಿಸಿದರು. “ನಮ್ಮ ಅಬ್ಬಾಗೂ ಹಿಂಗ ಶುರು ಆಗಿತ್ರಿ ಮಾಸ್ತರ. ಮೊದಲು ಒಂದು ಹೆಸರು ಹೋತು. ಆಮ್ಯಾಲೆ ಮನಿ ದಾರಿ. ಕಡೀಕ ನನ್ನನ್ನ ಯಾರಪಾ ನೀ ಅಂತಿದ್ರು. ಮಗ ದವಾಖಾನಿಗೆ ತೋರಸೂಣು ಅಂತಾನ. ಇನ್ಮ್ಯಾಲೆ ನನಗ ಹೆಸರು ಕೊಡಬ್ಯಾಡ್ರಿ. ಕೆಲಸ ಬಿಟ್ಟುಬಿಡ್ತೀನಿ. ಮತ್ತೊಬ್ಬರ ಅಂಗಡಿ ನನ್ನ ಕೈಯಾಗ ಸುಡೂದು ಬ್ಯಾಡ.”

ಅಲ್ಲೇ ಹೇಳಿಬಿಟ್ಟೆ ಎಂದು ಬರೆಯುವ ಆಸೆ ಇದೆ. ಇಲ್ಲ. ಅವರನ್ನು ಬಸ್ಸು ಹತ್ತಿಸಿ, ಡಬ್ಬಿಯನ್ನು ಕಿಟಕಿಯಿಂದ ಅವರ ಕೈಗೆ ಕೊಟ್ಟು ಮನೆಗೆ ಬಂದೆ. ಗುರುವಾರ ಗಂಗಾವತಿಗೆ ಹೋದೆ. ಆ ಎರಡು ದಿನ ಏನು ಮಾಡಿದೆ ಎಂಬುದು ನಿಜವಾಗಿಯೂ ನೆನಪಿಲ್ಲ. ಆ ನೆನಪು ಹೋದದ್ದು ನನಗೆ ಅನುಕೂಲವೇ ಆಗಿದೆ.

ಸಾಹೇಬರು ಪಡಸಾಲೆಯಲ್ಲಿ ಕೂತಿದ್ದರು. ನಾನು ಚಪ್ಪಲಿ ಬಿಟ್ಟು, ಕೂರದೆ, ಚೀಟಿಯನ್ನು ಅವರ ಮುಂದಿಟ್ಟೆ. ಅವರು ಚಷ್ಮಾ ಹಾಕಿಕೊಂಡು ಓದಿದರು. ಹೆಸರು, ಕುಷ್ಟಗಿ, ನಂಬರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: “‘ಮಶೀನು ನಿಲ್ಲಿಸುವತನಕ ಕಾಯಿರಿ. ಗಂಡನ ಮಾತು ಎತ್ತಬೇಡಿ.’ ಎಲ್ಲಿ ಸಿಕ್ತಿದು?”

“ನನ್ನ ಹತ್ರನ ಇತ್ರಿ. ನಿಮಗ ಕೊಟ್ಟೇ ಇರಲಿಲ್ಲ.”

ಅವರು ನಕ್ಕರು. ನಾನು ಅದಕ್ಕೆ ತಯಾರಿರಲಿಲ್ಲ. ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು, “ಏ, ಕೇಳಿದೇನು? ನಾ ಮರೆತಿಲ್ಲ! ನನಗ ಏನೂ ಆಗಿಲ್ಲ!” ನಗು ಮುಖದ ಮೇಲೆ ಇನ್ನೂ ಇರುವಾಗಲೇ ಅವರಿಗೆ ಉಳಿದದ್ದು ತಿಳಿಯಿತು.

“ಯಾಕ ಮಾಸ್ತರ?”

ಶ್ರೀರಾಮನಗರದ ಗಿರಣಿಯ ಮಾತು ಹೇಳಿದೆ. ಹೇಳುವಾಗಲೇ ಅದು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ನಡುವೆ ನಿಲ್ಲಿಸಿದೆ.

“ಅದು ನಾ ಕೊಟ್ಟ ಹೆಸರಲ್ರಿ. ಆ ಹುಡುಗ್ರು, ಅಕ್ಕನ ಮಗ ಸಾಲ್ಯಾಗ ಕೂಡಿ ಓದ್ಯಾರ. ಅವರೇ ಅವನ್ನ ಕರದು ಮಾಡಿಸ್ಯಾರ. ನಿಮಗ ಯಾವ ಮುಖ ಇಟ್ಕೊಂಡು ಹೇಳ್ಲಿ ಅಂತ ನಾ ಸುಮ್ನಿದ್ದೆ.” ಸ್ವಲ್ಪ ಹೊತ್ತು ಚೀಟಿಯನ್ನು ಮಡಿಕೆಯ ಮೇಲೆ ಮಡಚಿ ಬಿಚ್ಚಿದರು. ಗಿರಣಿಯ ಹೆಸರನ್ನು ಅಕ್ಕನ ಮಗನಿಗೆ ಅವರೇ ಕೊಟ್ಟಿದ್ದರೂ ನನ್ನ ತಪ್ಪು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ ಎಂದು ನಾನು ಈಗ ಬರೆಯುತ್ತಿದ್ದೇನೆ. ಆಗ ಅನ್ನಿಸಿದ್ದು, ಅವರು ಒಮ್ಮೆಯಾದರೂ ಬೈಯಬಾರದೇ ಎಂದು. ಒಂದು ಸಲವೂ ಬೈದಿರಲಿಲ್ಲ.

“ಫೋನ್ ಹಚ್ರಿ,” ಎಂದರು. “ಸ್ಪೀಕರ್ ಹಾಕ್ರಿ.”

ಹಚ್ಚಿದೆ. “ಒಂದು ನಿಮಿಷ ಅಣ್ಣಾರ, ಗಿರಾಕಿ ಅದಾರ,” ಎಂದು ಆಕೆ ಫೋನನ್ನು ಪಕ್ಕಕ್ಕಿಟ್ಟಳು. ಯಾರಿಗೋ ಹೇಳುತ್ತಿದ್ದಳು, ಸುಟ್ಟ ಗಾದಿಗೆ ಬದಲು ಗಾದಿ ಕೊಟ್ಟೇ ಕೊಡುತ್ತೇನೆ, ಅಣ್ಣನ ಮನೆಯಲ್ಲಿ ಕೈಯಿಂದಲೇ ಹಿಂಜಿಸುತ್ತಿದ್ದೇನೆ, ಹಬ್ಬದ ತನಕ ತಡೆಯಿರಿ ಎಂದು. ನಾವಿಬ್ಬರೂ ಕೇಳುತ್ತ ಕೂತೆವು.

“ಹಾಂ, ಹೇಳ್ರಿ ಅಣ್ಣಾರ.”

“ತಂಗಿ, ಸಾಹೇಬ್ರದು ತಪ್ಪಿಲ್ಲ. ನಾ ಅವ್ರಿಗೆ ಹೇಳೇ ಇರಲಿಲ್ಲ. ಚೀಟಿ ನನ್ನ ಜೇಬಿನ್ಯಾಗ ಇತ್ತು.”

“ಹೇಳೇನಿ ಅಂದ್ರಲ್ಲ ಅವತ್ತು?”

“ಸುಳ್ಳು ಹೇಳಿದೆ.”

“ಸಾಹೇಬ್ರು ಅದಾರೇನು ಅಲ್ಲಿ?” ಎಂದಳು ಆಕೆ.

“ಅದೀನವ್ವಾ.”

“ನಿಮಗ ಭಾಳ ಅಂದೆ ಅವತ್ತು, ಮಂದಿ ಮುಂದ. ಮನಸಿನ್ಯಾಗ ಇಟ್ಕೋಬ್ಯಾಡ್ರಿ.”

ನನಗೇನಾದರೂ ಹೇಳುತ್ತಾಳೆ ಎಂದು ಕಾದೆ. ಫೋನ್ ಕಟ್ಟಾಗಿತ್ತು.

ಸಾಹೇಬರು ಡಬ್ಬಿ ತರಿಸಿದರು. ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ಚೀಟಿಯ ಮೂಲೆಯಲ್ಲಿ ತಾರೀಖು ಹಾಕಬೇಕು. ನನ್ನ ಕೈ ಅದನ್ನು ಬರೆದ ತಿಂಗಳಿನ ತಾರೀಖಿನ ಕಡೆ ಹೊರಟಿತ್ತು; ಮೊದಲ ಅಂಕಿ ಬರೆದೂ ಆಗಿತ್ತು.

“ಅದಲ್ರಿ,” ಎಂದರು. “ನನ್ನ ಕೈಗೆ ಬಂದದ್ದು ಇವತ್ತು. ಇವತ್ತಿನ ತಾರೀಖ ಹಾಕ್ರಿ.”

ಹೊಡೆದು ಬರೆದೆ. ಅವರು ಅದನ್ನು ಎಲ್ಲ ಚೀಟಿಗಳ ಮೇಲೆ ಇಟ್ಟು ಮುಚ್ಚಳ ಒತ್ತಿದರು.

“ಎಂಟು ದಿನದಾಗ ಹೋಗಬೇಕಲ್ಲ. ಸೋಮವಾರ ಹೋಗಿ ಬರ್ತೀನಿ, ಮುಂದ ಹಾಕೂ ಅಂಗಡಿಗಾದ್ರೂ ಪಾಲಿಸಿ ಆಗ್ಲಿ,” ಎಂದರು. ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ, ಎಂದಿನ ದನಿಯಲ್ಲೇ, ಇನ್ನೊಂದು ಮಾತು ಹೇಳಿದರು:

“ನೀವು ಬರಬ್ಯಾಡ್ರಿ ಮಾಸ್ತರ.”