ನನ್ನ ದಪ್ಪ ಬೆರಳಿನ ಗುಣ

ಎಪ್ಪತ್ತರ ದಶಕ. ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿದವರಿಗೆ ಹೊಸ ಔಷಧ ಕೊಟ್ಟು ಪರೀಕ್ಷಿಸುತ್ತಿದ್ದೆವು. ಪಕ್ಕೆಲುಬಿನ ಕೆಳಗೆ ಲಿವರ್ ಎಷ್ಟು ಬೆರಳು ಇಳಿದಿದೆ ಎಂದು ಡಾಕ್ಟರು ಕೈಯಿಂದಲೇ ಅಳೆಯಬೇಕು. ಅಂಥ ಘನ ವಿಜ್ಞಾನ.

ಆ ಔಷಧ ತೆಗೆದುಕೊಳ್ಳುತ್ತಿದ್ದ ಬೈಲಹೊಂಗಲದ ದರ್ಜಿ ಖಾದರಸಾಬರ ಮನೆಗೆ ಹೋಗಿ ಹೊಟ್ಟೆ ಒತ್ತಿ ನೋಡಿದೆ. ಹಿಂದಿನ ಡಾಕ್ಟರು ನಾಲ್ಕು ಬೆರಳು ಎಂದು ಬರೆದಿದ್ದರು, ನನಗೆ ಮೂರೇ ಸಿಕ್ಕಿತು.

"ಗಡ್ಡಿ ಕರಗಾಕ ಹತ್ತೇತ್ರಿ!" ಎಂದು ಬೀಗಿದೆ.

ಸಾಬರು ಪಕ್ಕೆಲುಬಿನಿಂದ ನನ್ನ ಬೆರಳಿನ ಅಂಚಿನವರೆಗೆ ಟೇಪು ಹಿಡಿದರು. "ಎರಡೂವರೆ ಇಂಚ ಐತ್ರಿ. ಅವರು ನೋಡಿದಾಗೂ ಅಳದಿದ್ದೆ, ಇಷ್ಟ ಇತ್ತು. ಅವರ ಬೆರಳು ಸಣ್ಣ, ನಿಮ್ಮವು ದಪ್ಪ. ನಾವು ಚಡ್ಡಿ ಹೊಲ್ಯಾಕೂ ಟೇಪ್ ಹಿಡೀತೇವ್ರಿ, ಸಾಹೇಬ್ರ."

ನಮ್ಮ ಹಿರಿಯ ಡಾಕ್ಟರಿಗೆ ಹೇಳಿದೆ. "ನಿಯಮದಾಗ ಬೆರಳು ಅಂತ ಐತಿ, ಟೇಪ್ ಅಂತ ಇಲ್ಲ" ಎಂದರು. ಮೂರೇ ಬರೆದೆ.

ವರದಿ ಅಚ್ಚಾಗುವಷ್ಟರಲ್ಲಿ ಸಾಬರಿರಲಿಲ್ಲ. ಅದರಲ್ಲಿ ಔಷಧದ ಹೆಸರಿತ್ತು. ಲಿವರ್ ಕುಗ್ಗಿಸಿದ ನನ್ನ ಬೆರಳಿನ ಹೆಸರಿರಲಿಲ್ಲ.