ಮಸಿ ಒರೆಸಿ ತೋರಿಸಿದ ಸಮಾಧಿಗಳು

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕುವೈತಿನಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಸ್ಮಶಾನ ತೋರಿಸುತ್ತಿದ್ದೆ ಎಂದರೆ ನನ್ನ ಹೆಂಡತಿ ಈಗಲೂ ನಗುತ್ತಾಳೆ. ನಗಲಿ. ಆ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದ್ದೇನೆ.

ಅದು ಸಿಟಿಯ ಅಂಚಿನಲ್ಲಿದ್ದ, ಬ್ರಿಟಿಷರ ಕಾಲದ ಪರದೇಶಿಗಳ ಸ್ಮಶಾನ. ತೋಟ ಎಂದರೂ ನಡೆದೀತು. ಕಲ್ಲು ಹಾಸಿದ ದಾರಿ, ಬದಿಯಲ್ಲಿ ಬೋರೆ ಮರಗಳು, ಹಡಗಿನ ಕಪ್ತಾನರ ಮತ್ತು ದಾದಿಯರ ಸಮಾಧಿಗಳು, ರೆಕ್ಕೆ ಬಿಚ್ಚಿದ ಅಮೃತಶಿಲೆಯ ದೇವದೂತರು. ನಾನು ಗಾರೆ ಕೆಲಸದವನು. ಯುದ್ಧಕ್ಕೆ ಮೊದಲು ಅಲ್ಲಿನ ಗೋಡೆ ರಿಪೇರಿಗೆ ಹೋಗಿದ್ದೆ. ಶುಕ್ರವಾರ ಬೆಳಿಗ್ಗೆ ಬಂದವರಿಗೆ ಅಲ್ಲಿನ ಕಥೆ ಹೇಳುತ್ತಿದ್ದವರು ನಮ್ಮ ಮಂಗಳೂರು ಕಡೆಯ ಒಬ್ಬ ಟೀಚರಮ್ಮ. ಸಂಬಳವಿಲ್ಲದ ಸೇವೆ. "ಕಲ್ಲಿನ ವಿಷಯ ನೀವು ಹೇಳಿ, ಇಂಗ್ಲಿಷ್ ನಾನು ಓದ್ತೇನೆ," ಅಂದರು. ಹಾಗೆ ಸೇರಿಕೊಂಡೆ.

ತೊಂಬತ್ತೊಂದರ ಬೇಸಿಗೆಗೆ ಎಲ್ಲವೂ ಬದಲಾಗಿತ್ತು. ಟೀಚರಮ್ಮ ಊರಿಗೆ ಹೋದವರು ಮರಳಿರಲಿಲ್ಲ. ಉರಿಯುತ್ತಿದ್ದ ಎಣ್ಣೆ ಬಾವಿಗಳ ಮಸಿ ದೇವದೂತರ ಮುಖದ ಮೇಲೆಲ್ಲ ಕೂತಿತ್ತು. ನಾನೊಬ್ಬನೇ ಬಕೆಟ್ಟು, ಬಟ್ಟೆ ಹಿಡಿದುಕೊಂಡು ಒಂದೊಂದೇ ಕಲ್ಲನ್ನು ಒರೆಸಿ ತೋರಿಸುತ್ತಿದ್ದೆ. ಹೆಸರುಗಳು ಬಾಯಿಪಾಠವಾಗಿದ್ದವು. ಆದರೆ ಬಂದವರಿಗೆ ಕಪ್ತಾನರ ಕಥೆ ಬೇಡವಾಗಿತ್ತು. ಇರಾಕಿನ ಆಕ್ರಮಣದ ತಿಂಗಳುಗಳಲ್ಲಿ ಹೆಣವನ್ನು ಊರಿಗೆ ಕಳಿಸುವ ದಾರಿಯಿರಲಿಲ್ಲ. ಸತ್ತವರನ್ನು ಹಿಂದಿನ ಸಾಲಿನಲ್ಲಿ ಮಣ್ಣು ಮಾಡಿದ್ದರು. ಎಲ್ಲರೂ ಕೇಳುತ್ತಿದ್ದದ್ದು ಆ ಸಾಲನ್ನೇ. ಅಲ್ಲಿ ಮೂರು ಹಲಗೆಗಳಿಗೆ ನಂಬರು ಮಾತ್ರ ಇತ್ತು, ಹೆಸರಿರಲಿಲ್ಲ.

ಒಂದು ಶುಕ್ರವಾರ ನಲವತ್ತರ ಆಸುಪಾಸಿನ ಒಬ್ಬರು ಬಂದರು. ಕುಂದಾಪುರದವರು, ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದು, ಇಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಸೌದಿ ಗಡಿಯ ಹತ್ತಿರ ವಫ್ರಾದ ತೋಟದಲ್ಲಿ ದುಡಿಯುತ್ತಿದ್ದ ಅಣ್ಣನನ್ನು ಹುಡುಕುತ್ತಿದ್ದರು. ಹಿಂದಿನ ಸಾಲನ್ನು ಪೂರ್ತಿ ನೋಡಿದರು. ಕೊನೆಗೆ ಹೆಸರಿಲ್ಲದ ಹಲಗೆಯ ಮುಂದೆ ಕೂತು ಕಿಸೆಯಿಂದ ಪೆನ್ನು ತೆಗೆದರು.

"ಎಂತ ಮಾಡ್ತೀರಿ?"

"ಅಣ್ಣನ ಹೆಸರು ಬರೀತೇನೆ. ಈ ಮೂರರಲ್ಲಿ ಒಂದು ಅವನದ್ದೇ ಇರ್ಬೇಕು. ಅತ್ತಿಗೆ ಇನ್ನೂ ಕರಿಮಣಿ ತೆಗೀಲಿಲ್ಲ, ಕಣ್ಣಾರೆ ನೋಡಿ ಹೇಳು ಅಂದಿದ್ದಾಳೆ. ಇವತ್ತು ಫೋನ್ ಮಾಡಿ ಹೇಳಿಬಿಡ್ತೇನೆ."

ನಾನು ಕೈ ಹಿಡಿದೆ. "ಅಣ್ಣ ತೀರಿಹೋದ್ರು ಅಂತ ಹೇಳಿದ್ದು ಯಾರು?"

"ಯುದ್ಧಕ್ಕೆ ಹೆದರಿ ಇಲ್ಲಿಂದ ಅಮ್ಮಾನ್ ದಾರಿಯಾಗಿ ಬೊಂಬಾಯಿಗೆ ಬಂದಿಳಿದವರಲ್ಲಿ ಒಬ್ಬ. ಏರ್‌ಪೋರ್ಟಲ್ಲಿ ಫೋಟೋ ಹಿಡ್ಕೊಂಡು ನಿಂತಿದ್ದೆ. 'ಇವರದ್ದು ವಫ್ರಾದಲ್ಲಿ ಖಲಾಸ್' ಅಂದು ಬಸ್ಸು ಹತ್ತಿದ."

"ಸತ್ತ ಅನ್ನಲಿಲ್ಲವಾ?"

"ಖಲಾಸ್ ಅಂದ್ರೆ ಮತ್ತೆಂತ ಮಾರಾಯ್ರೆ! ಬೊಂಬಾಯಲ್ಲಿ ಒಬ್ಬನನ್ನು ಖಲಾಸ್ ಮಾಡಿದ್ರು ಅಂದ್ರೆ ಮುಗೀತು."

"ಇಲ್ಲಿ ನನ್ನ ಕೆಲಸವೂ ದಿನಾ ಸಂಜೆ ಖಲಾಸ್ ಆಗ್ತದೆ," ಅಂದೆ. "ಅನ್ನ ಖಾಲಿಯಾದ್ರೂ ಖಲಾಸ್. ಇಕಾಮಾ, ಇಲ್ಲಿರುವ ಪರ್ಮಿಟ್ಟು, ಮುಗಿದ್ರೂ ಖಲಾಸ್. ನೀವು ಬರೀಬೇಡಿ. ಮೊದಲು ವಫ್ರಾಕ್ಕೆ ಹೋಗುವ."

ಅವರು ನನ್ನನ್ನೇ ನೋಡುತ್ತ ಪೆನ್ನು ಮುಚ್ಚಿದರು. ಹೇಳಿದ ಮೇಲೆ ನನಗೇ ಅನುಮಾನ ಬಂತು. ಸಾವನ್ನು ಹೇಗೋ ಒಪ್ಪಿಕೊಂಡಿದ್ದ ಮನುಷ್ಯನಿಗೆ ಇಲ್ಲದ ಆಸೆ ಹುಟ್ಟಿಸಿಬಿಟ್ಟೆನೇ?

ಆಗಲೇ ನನ್ನ ಕಂಪನಿಯ ಪಿಕಪ್ಪಿನಲ್ಲಿ ಹೊರಟೆವು. ನಡುಹಗಲಿನಲ್ಲೂ ಹೆಡ್‌ಲೈಟ್ ಬೇಕಾಗುವಷ್ಟು ಹೊಗೆ. ಮಣ್ಣಿನಲ್ಲಿ ಹುಗಿದಿದ್ದ ಮೈನುಗಳ ಭಯದಿಂದ ಡಾಂಬರು ಬಿಟ್ಟು ಇಳಿಯಲಿಲ್ಲ. ತೋಟ ಸಿಕ್ಕಾಗ ಹಸಿರುಮನೆಗಳ ಪ್ಲಾಸ್ಟಿಕ್ಕು ಹರಿದು ಜೋತಾಡುತ್ತಿತ್ತು. ಪಂಪಿನ ಶೆಡ್ಡಿನೊಳಗೆ ಯಾರೋ ಸ್ಪ್ಯಾನರಿನಿಂದ ಕುಟ್ಟುವ ಸದ್ದು. ಇವರು ಬಾಗಿಲಲ್ಲಿ ನಿಂತು "ಅಣ್ಣಾ" ಅಂದರು. ಸದ್ದು ನಿಂತಿತು.

ಬೆಳೆದ ಗಡ್ಡ, ಗ್ರೀಸಿನ ಕೈ. ಅಣ್ಣನೇ. ಸೈನ್ಯ ಬರುವ ಸುದ್ದಿ ಕೇಳಿ ತೋಟದ ಧಣಿಯಾದ ಕಫೀಲ್ ಅವರನ್ನೂ ಒಂಟೆಗಳನ್ನೂ ಒಟ್ಟಿಗೆ ಗಡಿ ದಾಟಿಸಿ ಸೌದಿಗೆ ಕರೆದೊಯ್ದಿದ್ದನಂತೆ. ಹಿಂದೆ ಬಂದು ಹತ್ತು ದಿನವಾಗಿತ್ತು.

"ಒಂದು ಕಾಗದ ಹಾಕ್ಲಿಕ್ಕೆ ಆಗ್ಲಿಲ್ವಾ ನಿನಗೆ?" ತಮ್ಮ ಕೇಳಿದರು.

"ನಾಲ್ಕು ಹಾಕಿದ್ದೇನೆ. ನಿನ್ನ ಬೊಂಬಾಯಿ ರೂಮಿಗೆ. ನಿನ್ನ ಅತ್ತಿಗೆಗೆ ಓದ್ಲಿಕ್ಕೆ ಬರುದಿಲ್ವಲ್ಲ, ನೀನೇ ಊರಿಗೆ ಹೇಳ್ತಿ ಅಂತ."

"ಆ ರೂಮು ಬಿಟ್ಟು ವರ್ಷವಾಯ್ತು!"

"ನನಗೆ ಹೇಳಿದ್ಯಾ? ಮತ್ತೆ ನೀನು ನನ್ನನ್ನು ಎಲ್ಲೆಲ್ಲಿ ಹುಡುಕಿದೆ?"

ತಮ್ಮ ನನ್ನ ಕಡೆ ನೋಡಿದರು. ನಾನೇ ಹೇಳಿದೆ, ಸ್ಮಶಾನದಲ್ಲಿ ಅಂತ.

"ಮೂರ್ಖ! ಬದುಕಿದವರ ಕಡೆ ಮೊದಲು ಕೇಳ್ಬೇಕು," ಎಂದು ಬೈಯುತ್ತಲೇ ಅಣ್ಣ ತಮ್ಮನನ್ನು ತಬ್ಬಿಕೊಂಡರು. ಗ್ರೀಸೆಲ್ಲ ಅಂಗಿಗೆ.

ಸಿಟಿಗೆ ಮರಳುವ ದಾರಿಯಲ್ಲಿ ಫಹಾಹೀಲಿನ ಫೋನ್ ಬೂತಿನ ಮುಂದೆ ಉದ್ದ ಸಾಲಿತ್ತು. ನಮ್ಮ ಸರದಿ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಊರಿನ ಅಂಗಡಿಗೆ ಲೈನು ಸಿಕ್ಕಿ, ಅತ್ತಿಗೆಯನ್ನು ಕರೆತರುವವರೆಗೆ ಯಾರೂ ರಿಸೀವರ್ ಇಡಲಿಲ್ಲ. ತಮ್ಮ "ಅತ್ತಿಗೇ" ಅಂದವರೇ ರಿಸೀವರನ್ನು ಅಣ್ಣನ ಕೈಗೆ ಕೊಟ್ಟರು.

"ಹೌದು ಮಾರಾಯ್ತಿ, ನಾನೇ," ಅಂದರು ಅಣ್ಣ. "ಅಳ್ಬೇಡ, ಕೇಳು. ನಾನೇ ಮಾತಾಡ್ತಾ ಇರೋದು."